ನೆಟ್ ಬಂದ್ ಆದರೂ ಅಂಗಡಿ ಬಂದ್ ಆಗದಂತೆ: ನನ್ನ ಅನುಭವ

ಮಂಗಳೂರಿನ ಬಂದರು, ಹಂಪನಕಟ್ಟೆ ಕಡೆಯ ಸಗಟು ಅಂಗಡಿ, ಔಷಧ ಅಂಗಡಿಗಳ ಬಿಲ್ಲಿಂಗ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. 2019ರ ಡಿಸೆಂಬರ್ 19ರ ರಾತ್ರಿಯಿಂದ ದಕ್ಷಿಣ ಕನ್ನಡದಲ್ಲಿ 48 ಗಂಟೆಗಳ ಕಾಲ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಲು ಆದೇಶವಾಯಿತು. ಅಲ್ಲಿಂದೀಚೆಗೆ ಪ್ರತಿ ಅಂಗಡಿಯಲ್ಲೂ ಮಾಡಿಡುವ ಏರ್ಪಾಡು ಇದು. ಎಲ್ಲರೂ ಮೊದಲು ಕೇಳುವುದು "ಯಾವ ಕಂಪೆನಿಯ ಸಿಮ್ ಹಾಕಿದರೆ ನಡೆಯುತ್ತದೆ?" ಎಂದು. ಯಾವುದೂ ನಡೆಯದು ಮಾರಾಯ್ರೆ, ಆದೇಶ ಎಲ್ಲ ಕಂಪೆನಿಗಳಿಗೂ ಹೋಗುತ್ತದೆ. ಸಿಮ್ ಹುಡುಕುವ ಬದಲು ಆದೇಶವನ್ನು ಓದಬೇಕು.

ಓದುವಾಗ ನೋಡುವುದು ನಾಲ್ಕೇ ಸಂಗತಿ: ಯಾವ ಸೇವೆ, ಎಷ್ಟು ಪ್ರದೇಶ, ಯಾವಾಗಿನವರೆಗೆ, ಸಹಿ ಯಾರದ್ದು. ಇಂಥ ಆದೇಶಕ್ಕೆ 2019ರಲ್ಲಿ ಆಧಾರವಾಗಿ ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಂ ಮತ್ತು 2017ರ ನಿಯಮಗಳು. ಈಗ 2023ರ ದೂರಸಂಪರ್ಕ ಕಾಯ್ದೆಯ 20ನೇ ಕಲಂ, ಅದರಡಿ 2024ರ ನವೆಂಬರಿನಲ್ಲಿ ಬಂದ ನಿಯಮಗಳು. ರಾಜ್ಯದಲ್ಲಿ ಸಹಿ ಹಾಕಬೇಕಾದವರು ಗೃಹ ಇಲಾಖೆಯ ಕಾರ್ಯದರ್ಶಿ. ಪೊಲೀಸ್ ಕಮಿಷನರ್ ಹೊರಡಿಸುವ ನಿಷೇಧಾಜ್ಞೆ ಬೇರೆ. ಜನ ಗುಂಪು ಸೇರಬಾರದೆಂಬ ಆ ಆಜ್ಞೆಯನ್ನು ಕಂಡು ನೆಟ್ ಹೋಯಿತೆಂದು ಶಟರ್ ಎಳೆಯುವವರಿದ್ದಾರೆ. ಒಂದು ಆದೇಶ 15 ದಿನ ಮೀರುವಂತಿಲ್ಲ. ಕಾರಣ, ಪ್ರದೇಶ, ಅವಧಿ ಬರೆದು ಪ್ರಕಟಿಸಲೇಬೇಕು. ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಕಾಶ್ಮೀರದ ನೆಟ್ ಬಂದ್ ಪ್ರಶ್ನಿಸಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ವಾಟ್ಸಾಪ್‌ನಲ್ಲಿ ಓಡಾಡುವ "ಮೂರು ದಿನ ಎಲ್ಲವೂ ಬಂದ್" ನಂಬದೆ, ಪ್ರತಿಯನ್ನೇ ತರಿಸಿ ಪ್ರಿಂಟ್ ತೆಗೆದು ಕೌಂಟರಿನಲ್ಲಿ ಇಡುತ್ತೇನೆ.

ಆದೇಶದಲ್ಲಿ "ಮೊಬೈಲ್ ಡೇಟಾ" ಎಂದಷ್ಟೇ ಇದ್ದರೆ ಫೈಬರ್ ಬ್ರಾಡ್‌ಬ್ಯಾಂಡ್, ಕರೆ, ಎಸ್ಸೆಮ್ಮೆಸ್ ಉಳಿಯುತ್ತವೆ. ಅಂಗಡಿಯನ್ನು ನಡೆಸುವುದು ಈ ಫೈಬರಿನ ಮೇಲೆಯೇ. ತೊಂದರೆ ಎಲ್ಲಿ ಅಂದರೆ, ಕಾರ್ಡ್ ಮೆಷಿನ್, ಸೌಂಡ್‌ಬಾಕ್ಸ್, ಕೆಲವು ಕಡೆ ಬಿಲ್ಲಿಂಗ್ ಟ್ಯಾಬ್ ಕೂಡ ಒಳಗಿನ ಸಿಮ್ಮಿನಿಂದ ಓಡುತ್ತವೆ. ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ವೈಫೈ ಇರುವ ಮೆಷಿನ್ನಾದರೆ ಮೊದಲೇ ಅಂಗಡಿಯ ವೈಫೈಗೆ ಜೋಡಿಸಿ, ಸಿಮ್ ತೆಗೆದು ಒಂದು ರೂಪಾಯಿಯ ವ್ಯವಹಾರ ಮಾಡಿ ನೋಡಬೇಕು. ಸಿಮ್ ಇದ್ದಾಗ ಪರೀಕ್ಷಿಸಿದರೆ ಮೆಷಿನ್ ಸದ್ದಿಲ್ಲದೆ 4ಜಿಗೆ ಜಾರಿ ನಮ್ಮನ್ನು ಮೋಸ ಮಾಡುತ್ತದೆ. ಸೌಂಡ್‌ಬಾಕ್ಸ್ ಮೌನವಾದ ಹೊತ್ತಿನಲ್ಲಿ ಗಿರಾಕಿ ತೋರಿಸುವ ಸ್ಕ್ರೀನ್ ನೋಡಿ ಸಾಮಾನು ಕೊಡಬಾರದು. ಬ್ಯಾಂಕಿನ ಎಸ್ಸೆಮ್ಮೆಸ್ ಬರಲಿ, ಇಲ್ಲವೇ ವೈಫೈಯಲ್ಲಿರುವ ಮಾಲೀಕರ ಫೋನಿನಲ್ಲಿ ಜಮೆ ಕಾಣಲಿ.

ಗಿರಾಕಿಯ ಫೋನಿಗೂ ನೆಟ್ ಬೇಕಲ್ಲ? ಅಲ್ಲಿ ಎಚ್ಚರ. ಪಾಸ್‌ವರ್ಡ್ ಇಲ್ಲದ ವೈಫೈ ಬಿಟ್ಟರೆ, ಯಾರೋ ಹಾಕಿದ ವದಂತಿಯ ಪೋಸ್ಟ್ ನಿಮ್ಮ ಐಪಿ ವಿಳಾಸದ ಹೆಸರಿನಲ್ಲಿ ದಾಖಲಾಗುತ್ತದೆ. ನಾನು ಅತಿಥಿ ವೈಫೈಯನ್ನು ಬಿಲ್ಲಿಂಗ್ ನೆಟ್‌ವರ್ಕಿನಿಂದ ಬೇರ್ಪಡಿಸಿ, ಒಬ್ಬರಿಗೆ 10 ನಿಮಿಷ ಮಾತ್ರ ಕೊಟ್ಟು, ಸಾಮಾಜಿಕ ಜಾಲತಾಣಗಳನ್ನು ತಡೆದಿಡುತ್ತೇನೆ. ಪೇಮೆಂಟ್ ಆ್ಯಪ್‌ಗಳನ್ನು ಮಾತ್ರ ಬಿಡುವ ಪಟ್ಟಿಯೂ ಮಾಡಿ ನೋಡಿದೆ. ಒಂದೊಂದು ಆ್ಯಪ್ ಹತ್ತಾರು ಸರ್ವರ್‌ಗಳನ್ನು ಕರೆಯುವುದರಿಂದ ಆ ಪಟ್ಟಿ ಕೆಲಸಕ್ಕೆ ಬರಲಿಲ್ಲ.

ಫೈಬರ್ ಇದೆ ಎಂದು ಹಾಯಾಗಿರುವಂತೆಯೂ ಇಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಕರೆಂಟೇ ಮೊದಲು ಕೈಕೊಡುತ್ತದೆ. ಒಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ), ರೌಟರ್ ಎರಡೂ ಸೇರಿ ಸುಮಾರು 15 ವ್ಯಾಟ್. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವ್ಯಾಟ್-ಅವರ್, ಅಂದರೆ ಐದೂವರೆ ಗಂಟೆ. ಮಾಮೂಲಿ ಯುಪಿಎಸ್ಸಿನಲ್ಲಿ ಡಿಸಿಯನ್ನು ಎಸಿ ಮಾಡಿ, ಅಡಾಪ್ಟರಿನಲ್ಲಿ ಮತ್ತೆ ಡಿಸಿ ಮಾಡುವ ನಷ್ಟ ಕಳೆದು ನಾನು ಮೂರು ಗಂಟೆ ಎಂದೇ ಹಿಡಿಯುವುದು. ನೇರ 12 ವೋಲ್ಟ್ ಕೊಡುವ ಡಿಸಿ ಯುಪಿಎಸ್ ಇದಕ್ಕಿಂತ ವಾಸಿ. ಕೇಬಲ್‌ನವರಲ್ಲಿ ಒಂದು ಪ್ರಶ್ನೆ ಕೇಳಿ: ಲೈನು ಪಾನ್ (PON) ಪದ್ಧತಿಯದ್ದೋ, ಕಂಬದ ಪೆಟ್ಟಿಗೆಯಲ್ಲಿ ಸ್ವಿಚ್ ಇರುವುದೋ? ಪಾನ್ ಆದರೆ ದಾರಿಯಲ್ಲಿ ಫೈಬರನ್ನು ಕವಲು ಮಾಡುವ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಸ್ವಿಚ್ ಇದ್ದರೆ ಆ ಬೀದಿಯ ಕರೆಂಟ್ ಹೋದೊಡನೆ ನಿಮ್ಮ ಯುಪಿಎಸ್ ಇದ್ದೂ ಇಲ್ಲದಂತೆ.

ಬ್ರಾಡ್‌ಬ್ಯಾಂಡನ್ನೂ ನಿಲ್ಲಿಸಿದ ಆದೇಶವಾದರೆ ಉಳಿಯುವುದು *99#, ಅಂದರೆ ಫೋನಿನಲ್ಲಿ ಡಯಲ್ ಮಾಡಿ ಯುಪಿಐ ಹಣ ಕಳಿಸುವ ಸೇವೆ. ಡೇಟಾ ಬೇಡ, ಒಂದು ಸಲಕ್ಕೆ 5,000 ರೂಪಾಯಿಯ ಮಿತಿ. ಎಲ್ಲ ಸಿಮ್ಮಿನಲ್ಲೂ ಇದು ಓಡುವುದಿಲ್ಲ, ಶಾಂತವಾಗಿದ್ದ ದಿನವೇ ಪರೀಕ್ಷಿಸಿಡಿ. ಜತೆಗೆ ಚಿಲ್ಲರೆ, ಚೆಕ್ ಪುಸ್ತಕ, ಕೈಬರಹದ ಬಿಲ್ ಬುಕ್. ಹಸಿ ಮೀನಿನ ಲಾರಿಗೆ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಡಿ ತೆಗೆಯುವ ಆನ್‌ಲೈನ್ ಚೀಟಿ) ಬೇಡ. ಗೇರುಬೀಜ, ಹೆಂಚು 50,000 ರೂಪಾಯಿ ದಾಟಿದರೆ ಬೇಕೇ ಬೇಕು. ಎಸ್ಸೆಮ್ಮೆಸ್ ಮೂಲಕ ಇ-ವೇ ಬಿಲ್ ತೆಗೆಯುವ ಸೌಲಭ್ಯವಿದೆ, ಆದರೆ ಅದಕ್ಕೆ ಪೋರ್ಟಲಿನಲ್ಲಿ ಫೋನ್ ನಂಬರ್ ಮುಂಚೆಯೇ ನೋಂದಾಯಿಸಿರಬೇಕು. ನೆಟ್ ಹೋದ ಮೇಲೆ ನೋಂದಾಯಿಸಲು ಹೊರಟರೆ ಮುಗಿಯಿತು.

ಸಂಪರ್ಕ ಮರಳಿದಾಗ ಕೈಬರಹದ ಬಿಲ್ಲುಗಳನ್ನು ಬೇರೆ ಸರಣಿ ಸಂಖ್ಯೆಯಲ್ಲೇ ಕಂಪ್ಯೂಟರಿಗೆ ಹಾಕುತ್ತೇನೆ. ಹಳೆಯ ಸರಣಿಗೆ ಬೆರೆಸಿದರೆ ಒಂದೇ ನಂಬರ್ ಎರಡು ಬಾರಿ ಬರುತ್ತದೆ. ನಡುವೆ ಸಿಕ್ಕಿಬಿದ್ದ ಯುಪಿಐ ಹಣದ ಬಗ್ಗೆ ಗಿರಾಕಿಗಳು ಜಗಳಕ್ಕೆ ಬರುವುದುಂಟು. ಅಂಗಡಿಗೆ ಜಮೆಯಾಗಿದೆಯೇ ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುತ್ತೇನೆ. ಆಗದಿದ್ದರೆ ವ್ಯವಹಾರ ನಡೆದ ದಿನದಿಂದ ಐದು ದಿನದೊಳಗೆ ಅದು ಗಿರಾಕಿಯ ಖಾತೆಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಅದರ ಪ್ರತಿಯನ್ನೂ ಕೌಂಟರಿನಲ್ಲೇ ಅಂಟಿಸಿದ್ದೇನೆ.