ವೈಫೈ ಕಾರ್ಡು ಮತ್ತು ನನ್ನ ಚಪ್ಪಲಿ ಅಂಗಡಿ

ಕುಂಬಳೆ ಪೇಟೆಯಲ್ಲಿ ನನ್ನದೊಂದು ಅಂಗಡಿ ಇದೆ. ಚಪ್ಪಲಿ, ಬ್ಯಾಗು, ಮಳೆಗಾಲಕ್ಕೆ ಕೊಡೆ. ಹೆಚ್ಚಿನವರು ಕೊಡುವುದು ಫೋನಿನಿಂದ ಸ್ಕ್ಯಾನ್ ಮಾಡಿ. ಕಾರ್ಡು ತೆಗೆಯುವವರು ಹತ್ತರಲ್ಲಿ ಇಬ್ಬರೋ ಮೂವರೋ. ಆದರೆ ಕೌಂಟರಿನಲ್ಲಿ ಮಾತುಕತೆ ಆಗುವುದು ಮಾತ್ರ ಈ ಇಬ್ಬರು ಮೂವರ ಹತ್ತಿರವೇ!

ಕೌಂಟರಿನ ಮೆಷಿನ್ನಿಗೆ ಮುಟ್ಟಿಸಿ ಹಣ ಕೊಡುವ ಕಾರ್ಡಿಗೆ ಬ್ಯಾಂಕಿನವರು ಕಾಂಟ್ಯಾಕ್ಟ್‌ಲೆಸ್ ಎನ್ನುತ್ತಾರೆ. ನಮ್ಮ ಗಿರಾಕಿಗಳಿಗೆ ಅದು ವೈಫೈ ಕಾರ್ಡು. ಮೇಲೆ ನಾಲ್ಕು ಬಾಗಿದ ಗೆರೆಗಳ ಗುರುತು ಇದೆಯಲ್ಲ, ಅದನ್ನು ನೋಡಿ ಬಂದ ಹೆಸರು. ಒಬ್ಬರಂತೂ ಗಂಭೀರವಾಗಿಯೇ ಕೇಳಿದ್ದರು, "ಇದರಿಂದ ಮನೆಯ ಟಿವಿಗೆ ನೆಟ್ ಬರ್ತದಾ ಮಾರಾಯ್ರೆ?"

ನೆಟ್ ಬರುವುದಿಲ್ಲ. ಕಾರ್ಡಿನೊಳಗೆ ಬ್ಯಾಟರಿಯೂ ಇಲ್ಲ. ಕೂದಲಿನಂಥ ತಂತಿಯ ಸುರುಳಿ ಒಂದಿರುತ್ತದೆ, ಅಷ್ಟೇ. ಮೆಷಿನ್ ಹತ್ತಿರ ಹಿಡಿದಾಗ ಮೆಷಿನ್ನೇ ಅದಕ್ಕೆ ಕರೆಂಟು ಕೊಡುತ್ತದೆ. ಹತ್ತಿರ ಅಂದರೆ ಸುಮಾರು ನಾಲ್ಕು ಸೆಂಟಿಮೀಟರ್ ಒಳಗೆ. ಇದು ಗೊತ್ತಾಗುವ ಮೊದಲು ನಾನೂ ಗಿರಾಕಿಗಳ ಹಾಗೆಯೇ ಕಾರ್ಡನ್ನು ಸವರಿ ತೆಗೆಯುತ್ತಿದ್ದೆ, ದೇವರ ಆರತಿ ತೆಗೆದುಕೊಂಡಂತೆ. ಹಾಗೆ ಮಾಡಿದರೆ ಹತ್ತರಲ್ಲಿ ನಾಲ್ಕು ಸಲ ಆಗುವುದೇ ಇಲ್ಲ. ಪರದೆಯ ಮೇಲೆ ಇಟ್ಟು, ಬೀಪ್ ಬರುವವರೆಗೆ ಅಲ್ಲಾಡಿಸದೆ ಹಿಡಿಯಬೇಕು. ಪರ್ಸ್ ಸಮೇತ ಇಟ್ಟರೆ ಒಳಗಿರುವ ಎರಡು ಕಾರ್ಡುಗಳು ಒಟ್ಟಿಗೆ ಉತ್ತರ ಕೊಡಲು ಹೋಗಿ ಮೆಷಿನ್ ಗಲಿಬಿಲಿಗೊಳ್ಳುತ್ತದೆ. ಒಂದೇ ಕಾರ್ಡು ಹೊರಗೆ ತೆಗೆಯಿರಿ ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತೇನೆ.

ಹೊಸ ಕಾರ್ಡು ತಂದವರದ್ದು ಇನ್ನೊಂದು ತಾಪತ್ರಯ. ಮುಟ್ಟಿಸಿದರೆ ಮೆಷಿನ್ ಬೇಡ ಎನ್ನುತ್ತದೆ. ಅವರ ಮುಖ ನೋಡಬೇಕು, ಸಾಲಿನಲ್ಲಿ ನಿಂತವರ ಎದುರು ಖಾತೆಯಲ್ಲಿ ಹಣ ಇಲ್ಲದವರಂತೆ ಆಗಿಬಿಡುತ್ತಾರೆ. ಹಣ ಇರುತ್ತದೆ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ ಹೊಸ ಕಾರ್ಡಿನಲ್ಲಿ ಮುಟ್ಟಿಸುವ ಸೌಲಭ್ಯ ಮುಚ್ಚಿಯೇ ಬರುತ್ತದೆ. ಬೇಕಾದವರು ಬ್ಯಾಂಕಿನ ಆ್ಯಪಿನಲ್ಲೋ ಎಟಿಎಂನಲ್ಲೋ ತೆರೆದುಕೊಳ್ಳಬೇಕು. ಈಗ ನಾನು ಹಣದ ಮಾತೇ ಎತ್ತದೆ, "ನಿಮ್ಮ ಕಾರ್ಡಿನಲ್ಲಿ ಟ್ಯಾಪ್ ಆನ್ ಆಗಿಲ್ಲ ಅಕ್ಕ, ಒಳಗೆ ಹಾಕಿ ಪಿನ್ ಒತ್ತಿ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸಾಲಿನವರಿಗೂ ಕೇಳಲಿ ಎಂದು.

ಪಿನ್ ಇಲ್ಲದೆ ಮುಟ್ಟಿಸುವ ಮಿತಿ ಮೊದಲು 2,000 ರೂಪಾಯಿ ಇತ್ತು. 2021ರ ಜನವರಿ 1ರಿಂದ 5,000 ಆಯಿತು. ಚಪ್ಪಲಿ ಅಂಗಡಿಗೆ ಅಷ್ಟು ಧಾರಾಳ ಸಾಕು. ಜೂನ್ ಬಂದಾಗ ಮಾತ್ರ ಮೂರು ಮಕ್ಕಳ ಬ್ಯಾಗು, ಶೂ, ಕೊಡೆ ಸೇರಿ ಬಿಲ್ಲು ದಾಟಿಬಿಡುತ್ತದೆ. "ಎರಡು ಬಿಲ್ ಮಾಡಿ ಎರಡು ಸಲ ಮುಟ್ಟಿಸುವ" ಎನ್ನುವವರಿದ್ದಾರೆ. ನಾನು ಮಾಡುವುದಿಲ್ಲ. ಕಾರ್ಡು ಯಾರದ್ದೋ ಇರಬಹುದು, ನನಗೇನು ಗೊತ್ತು? ಆದರೆ ಅವರು ಹಾಗೆ ಕೇಳಲು ಕಾರಣ ಕಳ್ಳತನವಲ್ಲ ಎಂದು ನಿಧಾನಕ್ಕೆ ಅರ್ಥವಾಯಿತು. ಮುಟ್ಟಿಸಿ ಮುಟ್ಟಿಸಿ ಪಿನ್ನೇ ಮರೆತುಹೋಗಿರುತ್ತದೆ! ಗಂಡ ಹೆಂಡತಿಯ ಮುಖ ನೋಡುತ್ತಾರೆ, ಹೆಂಡತಿ ಮಗನ ಮುಖ. ಒಂದು ಸಲ ಮಗನೇ ಅಂಗಡಿ ಇಡೀ ಕೇಳುವಂತೆ ನಾಲ್ಕು ಅಂಕಿಗಳನ್ನು ಕೂಗಿ ಹೇಳಿದ.

ಊರಿಗೆ ರಜೆಯಲ್ಲಿ ಬರುವ ಗಲ್ಫಿನವರಿಗೆ ಇದೆಲ್ಲ ಹಳೆಯ ಕಥೆ. ಅವರು ಫೋನನ್ನೋ ವಾಚನ್ನೋ ಮುಂದೆ ಚಾಚುತ್ತಾರೆ. ಶುರುವಿಗೆ ಅವರ ಕಾರ್ಡು ನನ್ನ ಮೆಷಿನ್ನಿನಲ್ಲಿ ನಡೆಯುತ್ತಲೇ ಇರಲಿಲ್ಲ. ವಿದೇಶಿ ಕಾರ್ಡು ತೆಗೆದುಕೊಳ್ಳುವ ಸೌಲಭ್ಯವನ್ನು ಮೆಷಿನ್ ಕೊಟ್ಟವರಿಗೆ ಅರ್ಜಿ ಹಾಕಿ ತೆರೆಸಬೇಕಾಯಿತು. ಆಮೇಲೆ ಇನ್ನೊಂದು ಕಂಡಿತು. ದಿರ್ಹಂನಲ್ಲಿ ಕಟ್ಟುತ್ತೀರೋ ರೂಪಾಯಿಯಲ್ಲೋ ಎಂದು ಮೆಷಿನ್ ಕೇಳುತ್ತದೆ. ದಿರ್ಹಂ ಒತ್ತಿದರೆ ಲೆಕ್ಕ ಸುಲಭ ಅನಿಸುತ್ತದೆ, ಆದರೆ ಆಗ ದರ ನಿಗದಿಯಾಗುವುದು ಮೆಷಿನ್ ಕಡೆಯಿಂದ. ಸಾಮಾನ್ಯವಾಗಿ ಅದು ಗಿರಾಕಿಗೆ ನಷ್ಟ. "ರೂಪಾಯಿಯೇ ಒತ್ತಿ ಇಚ್ಚ" ಎನ್ನುತ್ತೇನೆ. ಮುಂದಿನ ರಜೆಯಲ್ಲಿ ಅವರು ಮತ್ತೆ ಬರಬೇಕಲ್ಲ.

ಜೂನ್ ಮೊದಲ ವಾರದ ಆ ಸಂಜೆಯ ಕಥೆ ಬೇರೆಯೇ. ಹೊರಗೆ ಆಕಾಶ ಹರಿದು ಬಿದ್ದಂಥ ಮಳೆ. ಒಬ್ಬರು ಅಕ್ಕ 1,840 ರೂಪಾಯಿಯ ಬಿಲ್ಲಿಗೆ ಕಾರ್ಡು ಮುಟ್ಟಿಸಿದರು. ಮೆಷಿನ್ ತಿರುಗಿತು, ತಿರುಗಿತು, ಕೊನೆಗೆ ಮೊದಲಿನ ಪರದೆಗೆ ಬಂದು ನಿಂತಿತು. ಸ್ಲಿಪ್ ಇಲ್ಲ. "ಇನ್ನೊಮ್ಮೆ ಮುಟ್ಟಿಸಿ" ಎಂದೆ. ಸ್ಲಿಪ್ ಬಂತು. ಅವರು ಕೊಡೆ ಬಿಡಿಸಿ ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನ್ ಎರಡು ಸಲ ಸದ್ದು ಮಾಡಿತು. ಎರಡು ಸಲ 1,840 ಕಡಿತ.

"ಅಣ್ಣ, ಎಂತ ಇದು?"

ನನ್ನ ಮೆಷಿನ್ನಿನ ಪಟ್ಟಿಯಲ್ಲಿ ಒಂದೇ ವ್ಯವಹಾರ ಇತ್ತು. ಇನ್ನೊಂದು ಅವರ ಬ್ಯಾಂಕಿಗೂ ನನಗೂ ನಡುವೆ ಎಲ್ಲೋ ಮಳೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ನನಗೆ ಬಾರದ ಹಣವನ್ನು ಗಲ್ಲಾದಿಂದ ಹೇಗೆ ಕೊಡಲಿ? ಕೊಡದಿದ್ದರೆ ಅವರು ನನ್ನನ್ನು ಹೇಗೆ ನಂಬಲಿ? ಪಟ್ಟಿಯನ್ನೇ ಪ್ರಿಂಟ್ ತೆಗೆದು, ಅದರ ಮೇಲೆ ನನ್ನ ನಂಬರು ಬರೆದು ಕೊಟ್ಟೆ. ಸ್ಲಿಪ್ ಬಾರದೆ ಹಣ ಮಾತ್ರ ಕಡಿತವಾದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಹಾಗೆಂದು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ನಾಲ್ಕನೆಯ ದಿನ ಹಣ ಬಂತು, ಅವರೇ ಬಂದು ಹೇಳಿದರು. ಒಂದು ಜೊತೆ ಸಾಕ್ಸೂ ತೆಗೆದುಕೊಂಡರು, ನಗದು ಕೊಟ್ಟು.

ಆ ದಿನದಿಂದ, ಮೆಷಿನ್ ಅರ್ಧದಲ್ಲಿ ನಿಂತರೆ ಎರಡನೆಯ ಸಲ ಮುಟ್ಟಿಸಲು ಬಿಡುವುದಿಲ್ಲ. ಮೊದಲು ಗಿರಾಕಿಯ ಮೆಸೇಜು, ಮತ್ತೆ ನನ್ನ ಪಟ್ಟಿ. ಸಾಲು ಉದ್ದವಾದರೆ ಆಗಲಿ. ಮೆಷಿನ್ನಿನ ಸಿಮ್ಮನ್ನೂ ಬದಲಿಸಿದೆ, ಮಳೆಗಾಲದಲ್ಲಿ ನಮ್ಮ ಪೇಟೆಯಲ್ಲಿ ಯಾವುದು ನಿಲ್ಲುತ್ತದೆ ಎಂದು ಪಕ್ಕದ ಮೆಡಿಕಲ್ಲಿನವರನ್ನು ಕೇಳಿ.

ಖರ್ಚಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ. ರುಪೇ ಡೆಬಿಟ್ ಕಾರ್ಡಿಗೆ 2020ರಿಂದ ಬ್ಯಾಂಕಿನವರು ಅಂಗಡಿಯವರಾದ ನಮ್ಮಿಂದ ಏನೂ ಹಿಡಿಯುವುದಿಲ್ಲ. ಬೇರೆ ಡೆಬಿಟ್ ಕಾರ್ಡಿಗೆ ಸಣ್ಣ ಅಂಗಡಿಯವರಿಂದ ಹೆಚ್ಚೆಂದರೆ ನೂರಕ್ಕೆ 40 ಪೈಸೆ, ವರ್ಷಕ್ಕೆ 20 ಲಕ್ಷ ವ್ಯಾಪಾರ ದಾಟಿದವರಿಂದ 90 ಪೈಸೆ. ಕ್ರೆಡಿಟ್ ಕಾರ್ಡಿಗೆ ಇನ್ನೂ ಜಾಸ್ತಿ. ಡೆಬಿಟ್ ಕಾರ್ಡಿನವರ ಮೇಲೆ ಇದನ್ನು ಹೊರಿಸುವ ಹಾಗಿಲ್ಲ. ಆದರೂ ಕೇಳುವ ಅಂಗಡಿಗಳಿವೆ, ಅಲ್ವಾ?

ನನ್ನ ಅತಿ ಕಷ್ಟದ ಗಿರಾಕಿ ನಿವೃತ್ತ ಕನ್ನಡ ಮಾಸ್ಟ್ರು. "ನಂಬರು ಒತ್ತದೆ ನೀನು ಹಣ ತೆಗೆಯುವುದಾದರೆ ಕಳ್ಳನೂ ತೆಗೆಯಬಹುದಲ್ಲ?" ಎಂದರು. ಕಾರ್ಡು ಕಳೆದುಹೋದರೆ ಹೌದು, ಬ್ಲಾಕ್ ಮಾಡುವವರೆಗೆ ತೆಗೆಯಬಹುದು. ಇಲ್ಲ ಎಂದು ಸುಮ್ನೆ ಯಾಕೆ ಹೇಳಲಿ? ಬಸ್ಸಿನ ಗರ್ದಿಯಲ್ಲಿ ಮೆಷಿನ್ ತಾಗಿಸಿ ತೆಗೆಯುತ್ತಾರೆ ಎಂಬ ಹೆದರಿಕೆ ಮಾತ್ರ ನನಗೆ ಅಷ್ಟಿಲ್ಲ. ಮೊತ್ತ ಒತ್ತಿ, ಕಿಸೆಗೆ ಅಂಟಿಸಿ ಹಿಡಿಯಬೇಕು. ಹಣ ಬೀಳುವುದು ದಾಖಲೆ ಕೊಟ್ಟು ತೆರೆದ ವ್ಯಾಪಾರಿ ಖಾತೆಗೆ. ಮಾಸ್ಟ್ರ ಮೊಮ್ಮಗಳು ಆ್ಯಪಿನಲ್ಲಿ ಅವರ ಮಿತಿಯನ್ನು 1,000ಕ್ಕೆ ಇಳಿಸಿ ಕೊಟ್ಟಳು. ಈಗ ಕಾರ್ಡನ್ನು ನನ್ನ ಕೈಗೆ ಕೊಡದೆ, ಪರದೆಯ ಮೊತ್ತ ಎರಡು ಸಲ ಓದಿ, ತಾವೇ ಮುಟ್ಟಿಸುತ್ತಾರೆ. ಎಲ್ಲರೂ ಹಾಗೆಯೇ ಮಾಡಬೇಕು ಎಂಬುದು ನನ್ನ ಆಸೆ.

ಸ್ಲಿಪ್ ಮಾತ್ರ ಅವರಿಗೆ ಬೇಕೇ ಬೇಕು. ಆ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅಲ್ಲಿಂದ ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಡುವ ಕೆಲಸವೂ ನನ್ನದಾಯಿತು. ಒಮ್ಮೆ ಅವಸರದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಮಾಸ್ಟ್ರು ಸ್ಲಿಪ್ಪನ್ನು ಹಾಗೇ ತಿರುಗಿಸಿ ಕೌಂಟರಿನ ಮೇಲೆ ಇಟ್ಟರು. ತಪ್ಪಿದ ಲೆಕ್ಕದ ಸ್ಲೇಟನ್ನು ಇಡುತ್ತಿದ್ದ ಹಾಗೆಯೇ.