ಮುತ್ತು ಕೊಳ್ಳುವಾಗ ಮೊದಲು ತೂತು ನೋಡಿ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಡೊಂಬಿವಿಲಿಯ ಕನ್ನಡದವರ ಮನೆಗಳಿಂದ ಯಾರಾದರೊಬ್ಬರು ನನ್ನನ್ನು ಮುಂಬೈಯ ಒಡವೆ ಪೇಟೆ ಝವೇರಿ ಬಜಾರಿಗೆ ಕರೆಯುತ್ತಾರೆ. ಮಸ್ಜಿದ್ ಸ್ಟೇಷನ್ ಬರುವಷ್ಟರಲ್ಲಿ ನಾನು ಅವರಿಗೆ ಒಂದು ಮಾತು ಹೇಳಿ ಮುಗಿಸಿರುತ್ತೇನೆ: ಹೊಳಪು ಆಮೇಲೆ ನೋಡು, ಮೊದಲು ತೂತು ನೋಡು.

ಹೊಳಪನ್ನು ಗಾಜಿನ ಮಣಿಗೂ ಬಳಿಯಬಹುದು. ಆದರೆ ದಾರ ಪೋಣಿಸುವ ತೂತಿನ ಹತ್ತಿರ ಬಣ್ಣ ಮುಚ್ಚಿಡುವುದು ಕಷ್ಟ. ಅಂಗಡಿಯವರ ಹತ್ತಿರ ಭೂತಗನ್ನಡಿ ಇದ್ದೇ ಇರುತ್ತದೆ, ಕೇಳಿ ತಗೊಳ್ಳಿ. ನಕಲಿ ಮಣಿಯಲ್ಲಿ ತೂತಿನ ಸುತ್ತ ಲೇಪ ಸಿಪ್ಪೆಯ ಹಾಗೆ ಎದ್ದಿರುತ್ತದೆ, ಒಳಗೆ ಗಾಜೋ ಪ್ಲಾಸ್ಟಿಕ್ಕೋ ಕಾಣುತ್ತದೆ. ನಿಜವಾದ ಮುತ್ತಿನ ಅಂಚು ಚೊಕ್ಕವಾಗಿರುತ್ತದೆ. ಆಮೇಲೆ ಒಂದು ಮುತ್ತನ್ನು ಮುಂದಿನ ಹಲ್ಲಿನ ಅಂಚಿಗೆ ಮೆಲ್ಲಗೆ ತಾಗಿಸಿ ಉಜ್ಜಿ. ಸಣ್ಣ ರವೆಯ ಹಾಗೆ ತರಿತರಿಯಾಗಿದ್ದರೆ ಒಳ್ಳೆಯ ಸೂಚನೆ, ಜಾರಿದರೆ ಅನುಮಾನಪಡಿ. ಆದರೆ ಈ ಪರೀಕ್ಷೆಗೆ ತಾನಾಗಿ ಬೆಳೆದ ಮುತ್ತು ಯಾವುದು, ಮನುಷ್ಯರು ಚಿಪ್ಪಿನಲ್ಲಿ ಬೆಳೆಸಿದ ಸಾಕಣೆಯ ಮುತ್ತು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡೂ ತರಿತರಿಯೇ.

ಅಲ್ಲೇ ನಾನು ಒಮ್ಮೆ ಮೋಸ ಹೋದೆ. ಇಲ್ಲಿನ ಮರಾಠಿ ಗೆಳತಿಯರ ನತ್ತು ನೋಡಿ ನನಗೂ ಆಸೆಯಾಗಿ, 'ಅಸಲಿ ಬಸ್ರಾ ಮೋತಿ' ಅಂತ ಕೊಟ್ಟದ್ದನ್ನು ನಂಬಿ ತಂದೆ. ವರ್ಷಗಳಾದ ಮೇಲೆ ಬೇರೆ ಅಕ್ಕಸಾಲಿಗರು ನೋಡಿ, ಇದು ಸಿಹಿನೀರಿನ ಸಾಕಣೆ ಮುತ್ತು ಅಂದರು. ಬಸ್ರಾ ಅಂದರೆ ಪರ್ಷಿಯನ್ ಕೊಲ್ಲಿಯ ಸಮುದ್ರದಲ್ಲಿ ತಾನಾಗಿ ಬೆಳೆದ ಮುತ್ತು. ಒಂದು ಕಾಲದಲ್ಲಿ ಆ ಮುತ್ತೆಲ್ಲ ಬಂದು ಬಿಕರಿಯಾಗುತ್ತಿದ್ದ ದೊಡ್ಡ ಪೇಟೆಯೇ ನಮ್ಮ ಬೊಂಬಾಯಿ. 1893ರಲ್ಲಿ ಜಪಾನಿನ ಮಿಕಿಮೊಟೊ ಚಿಪ್ಪಿನಲ್ಲಿ ಅರ್ಧಗೋಲದ ಮುತ್ತು ಬೆಳೆಸಿ ತೋರಿಸಿದರು. ಆಮೇಲೆ ದುಂಡು ಮುತ್ತೂ ಬಂತು, ಕೊಲ್ಲಿಯ ವ್ಯಾಪಾರ ಕುಸಿಯಿತು. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಸಾಕಣೆಯದೇ, ಅದರಲ್ಲೂ ಚೀನಾದ ಸಿಹಿನೀರಿನದು ಜಾಸ್ತಿ. ಅದು ನಕಲಿ ಅಲ್ಲ, ಚೆಂದವೂ ಇರುತ್ತದೆ. ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇರಬೇಕು, ಅಲ್ವಾ? ಯಾರಾದರೂ ಬಸ್ರಾದ ಬೆಲೆ ಕೇಳಿದರೆ ಎಕ್ಸ್‌ರೇ ಮಾಡಿಸಿದ ಲ್ಯಾಬ್ ಸರ್ಟಿಫಿಕೇಟ್ ಕೇಳಿ. ಮುಂಬೈಯಲ್ಲೇ ಅಂಥ ಲ್ಯಾಬುಗಳಿವೆ. ಬರೀ ಬಾಯಿಮಾತಿಗೆ ದುಡ್ಡು ಕೊಡಬೇಡಿ.

ಬಿಲ್ಲಿನ ವಿಷಯವೂ ಗಟ್ಟಿ ನೆನಪಿಡಿ. ಚಿನ್ನದಲ್ಲಿ ಕೂರಿಸಿದ ಮುತ್ತಾದರೆ ಚಿನ್ನದ ನಿವ್ವಳ ತೂಕ ಬೇರೆ, ಮುತ್ತಿನ ತೂಕ ಬೇರೆ ಬರೆಸಿ. ಮುತ್ತಿನ ತೂಕಕ್ಕೂ ಚಿನ್ನದ ರೇಟು ಹಾಕಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಹಾಲ್‌ಮಾರ್ಕ್ ಅನ್ನುವ ಶುದ್ಧತೆಯ ಮುದ್ರೆ ಇರುವುದು ಚಿನ್ನಕ್ಕೆ, ಮುತ್ತಿಗಲ್ಲ. ಅದರ ಜೊತೆಗಿರುವ, ಅಕ್ಷರ ಅಂಕಿ ಸೇರಿ 6 ಇರುವ ಗುರುತಿನ ಕೋಡ್ ಎಚ್‌ಯುಐಡಿಯನ್ನು ಮೊಬೈಲಿನ ಬಿಐಎಸ್ ಕೇರ್ ಆಪ್‌ನಲ್ಲಿ ಅಲ್ಲೇ ನಿಂತು ನೋಡಿ. ಮುತ್ತು ಯಾವ ಜಾತಿ, ಬಣ್ಣ ಹಾಕಿದ್ದೋ ಸಹಜದ್ದೋ, ಅದನ್ನೂ ಬಿಲ್ಲಿನಲ್ಲೇ ಬರೆಯಲಿ. ನನ್ನ ಬಿಲ್ಲಿನಲ್ಲಿ ಬರೀ 'ಮೋತಿ' ಅಂತಿತ್ತು. ಅದಕ್ಕೇ ವಾಪಸ್ ಹೋಗಿ ಕೇಳಲು ಬಾಯಿಯೇ ಇರಲಿಲ್ಲ.

ಸರವಾದರೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಡಿಸಿ, ಅಂಗಡಿಯ ಹಳದಿ ದೀಪದಿಂದ ಸ್ವಲ್ಪ ಬಾಗಿಲ ಕಡೆ ತಂದು ನೋಡಿ. ನಿಮ್ಮ ಮುಖದ ನೆರಳು ಮುತ್ತಿನಲ್ಲಿ ಸ್ಪಷ್ಟವಾಗಿ ಕಂಡರೆ ಹೊಳಪು ಚೆನ್ನಾಗಿದೆ. ಸುಣ್ಣ ಬಳಿದ ಹಾಗೆ ಮಂಕಾಗಿದ್ದರೆ ಬೇಡ. ಎಲ್ಲ ಮುತ್ತೂ ಅಚ್ಚು ಹೊಡೆದ ಹಾಗೆ ಒಂದೇ ತರ ಇದ್ದು ಬೆಲೆಯೂ ಕಮ್ಮಿ ಇದ್ದರೆ ಇನ್ನೊಮ್ಮೆ ತೂತು ನೋಡಿ.

ಮುತ್ತು ಮುತ್ತಿನ ನಡುವೆ ರೇಷ್ಮೆ ದಾರದ ಗಂಟು ಇದೆಯೇ ಎಂದೂ ನೋಡಬೇಕು. ಗಂಟಿದ್ದರೆ ದಾರ ಹರಿದರೂ ಒಂದೇ ಮುತ್ತು ಬೀಳುತ್ತದೆ. ಜಾಸ್ತಿ ಹಾಕುವ ಸರವನ್ನು ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಪೋಣಿಸಬೇಕು. ಇಲ್ಲಿ ಅಂಥ ಕೆಲಸದವರನ್ನು ಪಟವೇಕರಿ ಎನ್ನುತ್ತಾರೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಒಡೆಯುವುದಷ್ಟೇ ಅಲ್ಲ, ಮುತ್ತು ಸವೆಯುತ್ತದೆ ಕೂಡ. ಸೆಂಟು, ಹೇರ್ ಸ್ಪ್ರೇ, ನಿಂಬೆರಸ, ಬೆವರು, ಯಾವುದೂ ಅದಕ್ಕೆ ಆಗದು. ಸಿಂಗಾರವೆಲ್ಲ ಮುಗಿದ ಮೇಲೆ ಹಾಕಿ, ಮನೆಗೆ ಬಂದೊಡನೆ ಮೊದಲು ತೆಗೆಯಿರಿ. ಒದ್ದೆ ಮಾಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಳೇ ಮಲ್ ಬಟ್ಟೆಯಲ್ಲಿ ಸುತ್ತಿ ಚಪ್ಪಟೆಯಾಗಿ ಇಡಿ. ತೂಗುಹಾಕಿದರೆ ದಾರ ಜಗ್ಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಂಕ್ ಲಾಕರಿನಲ್ಲಿ ವರ್ಷಗಟ್ಟಲೆ ಬಿಡಬೇಡಿ. ತೀರಾ ಒಣಗಿದರೆ ಬಿರುಕು ಬಿಡುತ್ತದೆ. ಹಬ್ಬಕ್ಕೆ, ಗೌರಿ ಪೂಜೆಗೆ ತೆಗೆದು ಹಾಕಿಕೊಳ್ಳಿ.