ಬುಟೀಕಿನ ಬಾಗಿಲಲ್ಲಿ ಮೊದಲ ಮಾತು

ಚಿಕ್ಕ ಬಟ್ಟೆ ಅಂಗಡಿಯ ಗಾಜಿನ ಬಾಗಿಲ ಮುಂದೆ ನಿಲ್ಲುತ್ತಿದ್ದೆ. ಒಳಗೆ ಬೇರೆ ಗಿರಾಕಿ ಇದ್ದಾರಾ ಅಂತ ಇಣುಕುತ್ತಿದ್ದೆ. ಯಾರೂ ಇಲ್ಲ ಅಂತ ಗೊತ್ತಾದ ಕೂಡಲೇ ಮುಂದೆ ನಡೆದುಬಿಡುತ್ತಿದ್ದೆ. ಎಷ್ಟೋ ವರ್ಷ ಹೀಗೇ ಆಯಿತು. ಕಿಟಕಿಯಲ್ಲಿ ತೂಗುಹಾಕಿದ ಬಟ್ಟೆ ಮನಸ್ಸಿಗೆ ಹಿಡಿಸಿರುತ್ತಿತ್ತು, ಕೈಯಲ್ಲಿ ದುಡ್ಡೂ ಇರುತ್ತಿತ್ತು. ಆದರೆ ಒಳಗೆ ಈ ಕಡೆ ನಾನೊಬ್ಬಳೇ, ಆ ಕಡೆ ಅಂಗಡಿಯವರೊಬ್ಬರೇ. ಅಷ್ಟು ಸಾಕಿತ್ತು, ಕಾಲು ಏಳುತ್ತಿರಲಿಲ್ಲ.

ದೊಡ್ಡ ಮಳಿಗೆಯಲ್ಲಿ ಈ ಕಷ್ಟ ಇಲ್ಲ. ಸಾಲು ಸಾಲು ಹ್ಯಾಂಗರ್‌ಗಳ ನಡುವೆ ಯಾರ ಕಣ್ಣಿಗೂ ಬೀಳದೆ ಓಡಾಡಬಹುದು. ಆದರೆ ಅಲ್ಲಿನ ಜೋರು ಹಾಡು, ಕಣ್ಣಿಗೆ ಹೊಡೆಯುವ ದೀಪ, ಟ್ರಯಲ್ ರೂಮಿನ ಮುಂದಿನ ಕ್ಯೂ, ಇವೆಲ್ಲ ಸೇರಿ ಒಂದು ಗಂಟೆಯಲ್ಲಿ ತಲೆ ಭಾರ ಆಗುತ್ತಿತ್ತು. ಬೇಗ ಮುಗಿಸಿದರೆ ಸಾಕು ಅಂತ ಸಿಕ್ಕಿದ್ದನ್ನು ತಂದುಬಿಡುತ್ತಿದ್ದೆ. ಬೀರು ತುಂಬಿತ್ತು, ಹಾಕಿಕೊಳ್ಳೋಕೆ ಬಟ್ಟೆ ಇರಲಿಲ್ಲ.

ನಾನು ಅಂತರ್ಮುಖಿ. ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಗೆ ಹೆಸರು ತಂದುಕೊಟ್ಟವರು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್, 1921ರಲ್ಲಿ. ಮನಸ್ಸಿನ ಒಲವು ಒಳಗಡೆಗೋ ಹೊರಗಡೆಗೋ ಅನ್ನುವುದು ಅವರ ಆಧಾರವಾಗಿತ್ತು. ಧೈರ್ಯ, ಪುಕ್ಕಲುತನ ಅದಕ್ಕೆ ಆಧಾರ ಆಗಿರಲಿಲ್ಲ. ಇದನ್ನು ಓದಿದಾಗ ನನ್ನ ವಿಷಯ ನನಗೇ ಸ್ಪಷ್ಟ ಆಯಿತು. ನನಗೆ ಅಂಗಡಿಯವರನ್ನು ಕಂಡರೆ ಭಯ ಇರಲಿಲ್ಲ. ವಿಷಯ ಇಲ್ಲದ ಮಾತು ನನ್ನನ್ನು ದಣಿಸುತ್ತಿತ್ತು. 'ಏನ್ ಬೇಕು? ಯಾರಿಗೆ? ಯಾವ ಫಂಕ್ಷನ್‌ಗೆ?' ಅಂತ ಕೇಳಿದರೆ ಉತ್ತರ ನನ್ನ ಬಳಿಯೂ ಇರುತ್ತಿರಲಿಲ್ಲ. ಬಟ್ಟೆ ನೋಡಿದ ಮೇಲೆ ತಾನೇ ಅದು ಗೊತ್ತಾಗೋದು?

ಹಾಗಾಗಿ ಮೊದಲ ಮಾತನ್ನು ನಾನೇ ಆಡಬೇಕು ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ: 'ನಮಸ್ಕಾರ. ಹತ್ತು ನಿಮಿಷ ನಾನೇ ನೋಡ್ತೀನಿ, ಏನಾದರೂ ಬೇಕಾದರೆ ನಿಮ್ಮನ್ನೇ ಕೇಳ್ತೀನಿ.' ಮೊದಲ ಸಲ ಹೇಳಿದ್ದು ಒಂದು ಪುಟ್ಟ ಬುಟೀಕಿನಲ್ಲಿ. ಒಡತಿ ಒಂದು ಶರ್ಟಿಗೆ ಗುಂಡಿ ಹಾಕುತ್ತಾ ಕೂತಿದ್ದರು. ನಾನು ಒಳಗೆ ಬಂದ ಕೂಡಲೇ ಸೂಜಿ ಬಟ್ಟೆಗೆ ಚುಚ್ಚಿಟ್ಟು ಏಳೋಕೆ ಹೊರಟರು. ನಾನು ಆ ಮಾತು ಹೇಳಿದೆ. ಅರ್ಧ ಎದ್ದವರು ಹಾಗೇ ಕೂತರು, 'ಆರಾಮಾಗಿ ನೋಡಿ' ಅಂದರು, ಮತ್ತೆ ಸೂಜಿ ತೆಗೆದುಕೊಂಡರು. ಅವರ ಹೆಗಲು ಸಡಿಲ ಆಗಿದ್ದು ನನಗೆ ಕಾಣಿಸಿತು. ಎದ್ದು ಬರಬೇಕಾ, ಬಿಡಬೇಕಾ ಅನ್ನುವ ಗೊಂದಲ ಅವರಿಗೂ ಇರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಸುಮ್ನೆ ನಿಂತ ಗಿರಾಕಿಯನ್ನು ಕಂಡರೆ, ಇವರಿಗೆ ಸಹಾಯ ಬೇಕೇನೋ, ನಾನು ಕೇಳದಿದ್ದರೆ ಬೇಜಾರಾಗುತ್ತದೇನೋ ಅಂತ ಅವರಿಗೆ ಅನಿಸುತ್ತದೆ. ನಮ್ಮ ಒಂದು ಮಾತು ಇಬ್ಬರ ಭಾರವನ್ನೂ ಇಳಿಸುತ್ತದೆ.

'ಹತ್ತು ನಿಮಿಷ' ಅನ್ನುವುದನ್ನು ಬಿಡಬೇಡಿ. 'ಸುಮ್ನೆ ನೋಡ್ತಿದೀನಿ' ಅಂದರೆ ಕೊಳ್ಳೋದಿಲ್ಲ ಅಂತಲೇ ಕೇಳಿಸುತ್ತದೆ. ಸಮಯ ಹೇಳಿದರೆ ಆಮೇಲೆ ಮಾತಾಡುತ್ತಾರೆ ಅಂತ ಅವರಿಗೆ ನಂಬಿಕೆ ಬರುತ್ತದೆ. ನಾನೂ ಹತ್ತು ನಿಮಿಷ ಆದ ಮೇಲೆ ನಿಜವಾಗಿಯೂ ಹೋಗಿ ಏನಾದರೂ ಕೇಳುತ್ತೇನೆ.

ಎರಡನೆಯದು ಟೇಪು. ದರ್ಜಿಗಳ ಬಳಿ ಇರುವಂಥದ್ದೇ, 60 ಇಂಚಿನದ್ದು. ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ. ಮನೆಯಲ್ಲಿ ನನಗೆ ಚೆನ್ನಾಗಿ ಕೂರುವ ಒಂದು ಶರ್ಟನ್ನು ಮಂಚದ ಮೇಲೆ ಹರಡಿ, ಗುಂಡಿ ಹಾಕಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿನವರೆಗೆ ಅಳೆದೆ. ಹೆಗಲು, ತೋಳು, ಉದ್ದ ಎಲ್ಲ ಬರೆದು ಫೋನಿನಲ್ಲಿ ಇಟ್ಟುಕೊಂಡೆ. ಮೊದಲು ಒಂದು ತಪ್ಪು ಮಾಡಿದ್ದೆ. ಮೈ ಅಳತೆ ತೆಗೆದು, ಅಷ್ಟೇ ಅಳತೆಯ ಬಟ್ಟೆ ತಂದಿದ್ದೆ. ಉಸಿರು ಎಳೆದರೆ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತಿತ್ತು. ಹಿಗ್ಗದ ಬಟ್ಟೆಗೆ ಎದೆಯ ಸುತ್ತಳತೆಗಿಂತ ಎರಡು ಮೂರು ಇಂಚಾದರೂ ಜಾಸ್ತಿ ಇರಬೇಕು. ಅದಕ್ಕೇ ಮೈಗಿಂತ, ಹೊಂದುವ ಬಟ್ಟೆಯನ್ನೇ ಅಳೆಯೋದು ವಾಸಿ.

ಅಳತೆ ಕೈಯಲ್ಲಿದ್ದರೆ ಇನ್ನೊಂದು ದೊಡ್ಡ ಅನುಕೂಲ ಇದೆ. ಸೈಜಿನ ಚೀಟಿಗೆ ಎಲ್ಲ ಕಡೆ ಒಂದೇ ನಿಯಮ ಇಲ್ಲ. ಒಬ್ಬರ ಎಂ ಇನ್ನೊಬ್ಬರ ಎಲ್ ಆಗಿರುತ್ತದೆ. ಚಿಕ್ಕ ಅಂಗಡಿಯಲ್ಲಿ ಒಂದೊಂದು ಸೈಜಿನಲ್ಲಿ ಒಂದೋ ಎರಡೋ ಇಟ್ಟಿರುತ್ತಾರೆ. 'ನಿಮ್ಮ ಸೈಜ್ ಎಷ್ಟು?' ಅಂತ ಕೇಳಿ ಮೇಲಿಂದ ಕೆಳಗೆ ನೋಡಿದರೆ ನನಗೆ ಮೈ ಮುದುಡಿದ ಹಾಗೆ ಆಗುತ್ತಿತ್ತು. ಈಗ ನಾನು 'ಕಂಕುಳಿಂದ ಕಂಕುಳಿಗೆ 20 ಇಂಚು, ಹೆಗಲು ಹದಿನಾಲ್ಕೂವರೆ' ಅನ್ನುತ್ತೇನೆ. ಅವರ ಕಣ್ಣು ನನ್ನ ಮೈ ಬಿಟ್ಟು ಕಪಾಟಿನ ಕಡೆ ಹೋಗುತ್ತದೆ. ಮಾತೆಲ್ಲ ಬಟ್ಟೆಯ ಮೇಲೆ. ಅದು ನನಗೆ ಬರುವ ಮಾತು.

ಆ ಹತ್ತು ನಿಮಿಷದಲ್ಲಿ ಬಟ್ಟೆಯನ್ನು ಒಳಮಗ್ಗುಲು ಮಾಡಿ ನೋಡುತ್ತೇನೆ. ಹೊರಗಿನ ಚಂದಕ್ಕಿಂತ ಒಳಗಿನ ಕೆಲಸ ಜಾಸ್ತಿ ಹೇಳುತ್ತದೆ. ಹೊಲಿಗೆಯಾಚೆ ಬಟ್ಟೆ ಎಷ್ಟು ಬಿಟ್ಟಿದ್ದಾರೆ? ಅರ್ಧ ಇಂಚಿಗಿಂತ ಜಾಸ್ತಿ ಇದ್ದರೆ ನಾಳೆ ಬಿಚ್ಚಿ ಸ್ವಲ್ಪ ಅಗಲ ಮಾಡಿಸಬಹುದು. ಒಂದು ಇಂಚಿನಲ್ಲಿ ಹತ್ತು ಹನ್ನೆರಡು ಹೊಲಿಗೆ ಇದ್ದರೆ ನೆಮ್ಮದಿ, ಆರೇಳು ಇದ್ದರೆ ಅನುಮಾನ. ಗೆರೆಯ ಬಟ್ಟೆಯಾದರೆ ಬದಿಯ ಜೋಡಣೆಯಲ್ಲಿ ಗೆರೆಗೆ ಗೆರೆ ಕೂಡಿದೆಯಾ ನೋಡುತ್ತೇನೆ. ನಿರಿಗೆ ಉಳಿಯುತ್ತದಾ ಅಂತ ನೋಡೋಕೆ ಬಟ್ಟೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಹತ್ತು ಎಣಿಸಿ ಬಿಡುತ್ತೇನೆ. ಲಿನನ್ ಆದರೆ ನಿರಿಗೆ ಉಳಿದೇ ಉಳಿಯುತ್ತದೆ, ಅದು ಅದರ ಗುಣ. ಕಡು ಬಣ್ಣದ ಬಟ್ಟೆ ಬಣ್ಣ ಬಿಡುತ್ತದಾ ಅಂತ ಒಳ ಅಂಚಿಗೆ ಒದ್ದೆ ಕರ್ಚೀಫು ಉಜ್ಜಿ ನೋಡಬೇಕು ಅನಿಸಿದರೆ ಮೊದಲು ಕೇಳುತ್ತೇನೆ. ಇದುವರೆಗೆ ಯಾರೂ ಬೇಡ ಅಂದಿಲ್ಲ. ಬಣ್ಣ ಮಾತ್ರ ಬಾಗಿಲ ಹತ್ತಿರದ ಹಗಲು ಬೆಳಕಿನಲ್ಲೇ ನೋಡಬೇಕು. ದೀಪದ ಕೆಳಗೆ ಒಂದೇ ಥರ ಕಂಡ ಎರಡು ನೀಲಿ, ಬಿಸಿಲಲ್ಲಿ ಬೇರೆ ಬೇರೆ ಆಗಿಬಿಡುತ್ತವೆ.

ಹೀಗೆ ಒಳ ಹೊಲಿಗೆ ತಿರುವಿ ನೋಡುವುದನ್ನು ಕಂಡು ಗುಂಡಿ ಹಾಕುತ್ತಿದ್ದ ಆ ಒಡತಿಯೇ ಮಾತಿಗೆ ಬಂದರು. 'ಅದು ಮೊದಲೇ ನೆನೆಸಿದ ಕಾಟನ್ ಅಲ್ಲ. ಒಂದು ಒಗೆತಕ್ಕೆ ಸ್ವಲ್ಪ ಕುಗ್ಗುತ್ತೆ, ಉದ್ದ ಒಂದಿಂಚು ಜಾಸ್ತಿ ಇರೋದನ್ನೇ ತಗೊಳ್ಳಿ' ಅಂದರು. ಅರ್ಧ ಗಂಟೆ ಮಾತಾಡಿದೆವು. ನನಗೆ ದಣಿವೇ ಆಗಲಿಲ್ಲ. ಇಂಥ ಮಾತು ದೊಡ್ಡ ಮಳಿಗೆಯಲ್ಲಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಅಲ್ಲಿ ಬಟ್ಟೆ ಹೊಲಿದವರು, ಬಟ್ಟೆ ಆರಿಸಿ ತಂದವರು ಎದುರಿಗೆ ಇರೋದಿಲ್ಲ ಅಲ್ವಾ.

ಹೋಗುವ ಸಮಯದ ಬಗ್ಗೆ ಹೆಚ್ಚು ಹೇಳೋಕೆ ಇಲ್ಲ. ವಾರದ ನಡುವಿನ ದಿನ, ಬಾಗಿಲು ತೆರೆದು ಸ್ವಲ್ಪ ಹೊತ್ತಾದ ಮೇಲೆ. ಒಬ್ಬಳೇ ಹೋಗುತ್ತೇನೆ. ಗೆಳತಿ ಜೊತೆಗಿದ್ದರೆ ಅವಳಿಗೆ ಬೇಜಾರಾಗುತ್ತಿದೆಯಾ ಅಂತ ನೋಡುವುದರಲ್ಲೇ ಗಮನ ಹೋಗುತ್ತದೆ.

ಟ್ರಯಲ್ ರೂಮು ಅಂದರೆ ಎಷ್ಟೋ ಕಡೆ ಒಂದು ಪರದೆ ಅಷ್ಟೇ. 'ಆಯ್ತಾ? ಹೊರಗೆ ಬನ್ನಿ, ನೋಡೋಣ' ಅನ್ನುವ ದನಿ ಬಂದೇ ಬರುತ್ತದೆ. 'ನಾನು ಒಳಗೇ ನೋಡ್ಕೊಳ್ತೀನಿ, ಅಳತೆ ಏನಾದರೂ ಹೆಚ್ಚು ಕಡಿಮೆ ಆದರೆ ಕರೀತೀನಿ' ಅಂತ ಒಳಗೆ ಹೋಗುವ ಮೊದಲೇ ಹೇಳಿಬಿಡುತ್ತೇನೆ. ಒಳಗೆ ಎರಡೂ ಕೈ ಎತ್ತುತ್ತೇನೆ, ಕೂರುತ್ತೇನೆ, ಬಗ್ಗುತ್ತೇನೆ. ಹೆಗಲ ಹೊಲಿಗೆ ಹೆಗಲಿನ ಮೂಳೆಯ ತುದಿಗೇ ಬಂದಿದೆಯಾ ಅನ್ನುವುದನ್ನು ಮೊದಲು ನೋಡುತ್ತೇನೆ. ಸೊಂಟ ಹಿಡಿಸಬಹುದು, ಉದ್ದ ಮಡಿಸಬಹುದು. ಹೆಗಲು ಸರಿ ಮಾಡೋಕೆ ತೋಳನ್ನೇ ಬಿಚ್ಚಬೇಕು.

ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಬೇಡ ಅನ್ನೋದು. ಒಮ್ಮೆ ಒಂದು ಅಂಗಡಿಯವರು ಏಣಿ ಹತ್ತಿ, ಮೇಲಿನ ಕಪಾಟಿನಿಂದ ಏಳು ಡ್ರೆಸ್ಸು ಇಳಿಸಿ ತೋರಿಸಿದರು. ಒಂದೂ ಹೊಂದಲಿಲ್ಲ. ಅಷ್ಟು ಕಷ್ಟಪಟ್ಟರಲ್ಲ ಅಂತ ಹಸಿರು ಬಣ್ಣದ್ದೊಂದನ್ನು ತಂದೆ. ಒಂದು ಸಲವೂ ಹಾಕದೆ ಯಾರಿಗೋ ಕೊಟ್ಟೆ. ಆ ಡ್ರೆಸ್ಸು ಬೀರುವಿನಲ್ಲಿ ಕಂಡಾಗಲೆಲ್ಲ ಆ ಅಂಗಡಿಗೆ ಮತ್ತೆ ಹೋಗೋಕೆ ಮನಸ್ಸೇ ಬರುತ್ತಿರಲಿಲ್ಲ. ಅಂದರೆ ಅವರಿಗೂ ಅದರಿಂದ ಒಳ್ಳೇದಾಗಲಿಲ್ಲ.

ಈಗ ಒಂದೇ ಒಂದು ಕಾರಣ ಕೊಡುತ್ತೇನೆ, ಅದೂ ಬಟ್ಟೆಯ ಬಗ್ಗೆ ಮಾತ್ರ. 'ಹೆಗಲು ಕೂರ್ತಿಲ್ಲ. ತೋರಿಸಿದ್ದಕ್ಕೆ ಥ್ಯಾಂಕ್ಸ್.' ಮೂರು ಕಾರಣ ಹೇಳಿದರೆ ಮೂರಕ್ಕೂ ಪರಿಹಾರ ಸಿಗುತ್ತದೆ, ಬೇರೆ ಬಣ್ಣ ಇದೆ, ಉದ್ದ ಕಡಿಮೆ ಮಾಡಿಕೊಡ್ತೀವಿ ಅಂತ ಮಾತು ಬೆಳೆಯುತ್ತದೆ. ಹೇಳಿದ ಮೇಲೆ ಬಟ್ಟೆಯನ್ನು ನಾನೇ ಹ್ಯಾಂಗರಿಗೆ ಹಾಕಿ, ಗುಂಡಿ ಮುಚ್ಚಿ ಕೊಡುತ್ತೇನೆ. ಆ ಎರಡು ನಿಮಿಷದಲ್ಲಿ ಎದೆಯ ಬಡಿತವೂ ಹದಕ್ಕೆ ಬರುತ್ತದೆ. ಬರಿಗೈಯಲ್ಲಿ ಹೊರಗೆ ಬಂದರೂ ಮುಂದಿನ ಸಲ ಆ ಬಾಗಿಲು ದೂಡೋಕೆ ಹಿಂಜರಿಕೆ ಆಗೋದಿಲ್ಲ.

ಗುಂಡಿ ಹಾಕುತ್ತಿದ್ದ ಆ ಒಡತಿಯ ಅಂಗಡಿಗೆ ಕಳೆದ ತಿಂಗಳು ಮತ್ತೆ ಹೋಗಿದ್ದೆ. ಬೇರೆ ಯಾರೂ ಇರಲಿಲ್ಲ. 'ನಿಮ್ಮ ಅಳತೆಯ ಲಿನನ್ ಬಂದಿದೆ, ಬೆಳಕಿರೋ ಕಡೆ ಇಟ್ಟಿದ್ದೀನಿ' ಅಂದು ಅವರು ಮತ್ತೆ ಸೂಜಿಗೆ ನೂಲು ಪೋಣಿಸೋಕೆ ತೊಡಗಿದರು. ನಾನು ಬಾಗಿಲ ಹತ್ತಿರ ಹೋಗಿ, ಬಟ್ಟೆಯ ಒಳಮಗ್ಗುಲು ಬಿಡಿಸಿ ನೋಡತೊಡಗಿದೆ.